ಹಪ್ಪಳ ಹೊತ್ತ ಪ್ಯಾಕ್‌ಮ್ಯಾನ್

ಶಿರಸಿಯಲ್ಲಿ ಯಾರಾದರೂ ಹೊಸ ಮಷಿನ್ ಮಾಡಿ ಮಾರುತ್ತಾರೆ ಎಂದರೆ ಅದು ಅಡಿಕೆ ಸುಲಿಯುವುದೇ ಇರಬೇಕು. ಹಾಗಾಗಿ ನನ್ನದು ಮನೆಯಲ್ಲಿಟ್ಟು ಹಳೇ ವಿಡಿಯೋ ಗೇಮ್ ಆಡುವ ಆರ್ಕೇಡ್ ಪೆಟ್ಟಿಗೆ ಎಂದು ಹೇಳಿದ ಮೇಲೂ ಜನ ಕೇಳುತ್ತಾರೆ: "ಗಂಟೆಗೆ ಎಷ್ಟು ಕ್ವಿಂಟಲ್?"

ಪೆಟ್ಟಿಗೆಯ ಒಳಗಿರುವುದು ಅಂಗೈ ಅಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರು, ಒಂದು ಮಾನಿಟರು, ಜಾಯ್‌ಸ್ಟಿಕ್ಕು, ಗುಂಡಿಗಳು. ಉಳಿದದ್ದೆಲ್ಲ ಪ್ಲೈವುಡ್ಡು. ಚೌಕಾಸಿ ನಡೆಯುವುದೂ ಅದರ ಮೇಲೆಯೇ. "ಬಾಗಿಲೇ ಇಲ್ಲದ ಕಪಾಟಿಗೆ ಇಷ್ಟಾ?" ಎಂದವರೊಬ್ಬರು ಖರ್ಚು ಉಳಿಸಲು ಎಂಡಿಎಫ್ ಹಲಗೆಯಲ್ಲೇ ಮಾಡು ಎಂದು ಹಟ ಹಿಡಿದರು. ಎಂಡಿಎಫ್ ಎಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿದ್ದು. ನಮ್ಮ ಆಷಾಢದ ಥಂಡಿಗೆ ಅದರ ಬುಡ ಇಡ್ಲಿಯಂತೆ ಉಬ್ಬಿತು. ಈಗ 18 ಎಂಎಂ ಮರೈನ್ ಪ್ಲೈವುಡ್ ಬಿಟ್ಟು ಬೇರೆ ಮಾತೇ ಇಲ್ಲ. ಕಾರವಾರದ ಗಿರಾಕಿಗಳಿಗೆ ಸ್ಟೇನ್‌ಲೆಸ್ ಸ್ಕ್ರೂ ಕೂಡ. ಅಲ್ಲಿಯ ಉಪ್ಪುಗಾಳಿ ಸಾದಾ ಕಬ್ಬಿಣವನ್ನು ಉಳಿಸುವುದಿಲ್ಲ.

ಜಾಯ್‌ಸ್ಟಿಕ್ಕಿನ ಜಗಳ ಬೇರೆಯೇ. ಪ್ಯಾಕ್‌ಮ್ಯಾನ್ 1980ರ ಆಟ, ಅದರ ನಾಯಕ ಸಂದುಗೊಂದಿಯಲ್ಲಿ ಭೂತಗಳಿಂದ ತಪ್ಪಿಸಿಕೊಂಡು ಓಡುವ ಒಂದು ಹಳದಿ ಉಂಡೆ. ಆಟಕ್ಕೆ ಬೇಕಾದ್ದು ನಾಲ್ಕೇ ದಿಕ್ಕು. ಎಂಟು ದಿಕ್ಕಿನ ಕೋಲು ಕೊಟ್ಟರೆ ಓರೆಗೆ ಸಿಕ್ಕಿ ತಿರುವಿನಲ್ಲಿ ಅವನು ಕಕ್ಕಾಬಿಕ್ಕಿಯಾಗುತ್ತಾನೆ, ಹಿಂದಿನ ಭೂತ ಹಿಡಿದುಬಿಡುತ್ತದೆ. 1991ರ ಹೊಡೆದಾಟದ ಆಟ ಸ್ಟ್ರೀಟ್ ಫೈಟರ್ 2ಕ್ಕೋ ಓರೆ ಬೇಕೇ ಬೇಕು. ಕೆಳಗೆ, ಓರೆ, ಮುಂದೆ ಎಂದು ಕೋಲು ಹೊರಳಿಸದಿದ್ದರೆ ಕೈಯಿಂದ ಬೆಂಕಿಯುಂಡೆ ಹೊರಡುವುದಿಲ್ಲ. ಕೋಲಿನ ಅಡಿಯಲ್ಲಿ ಒಂದು ತಡೆಪಟ್ಟಿ ಇದೆ, ಅದನ್ನು ತಿರುಗಿಸಿದರೆ ನಾಲ್ಕು ಎಂಟಾಗುತ್ತದೆ. ಯಲ್ಲಾಪುರದ ಕಡೆಯ ಒಂದು ಮನೆಯಲ್ಲಿ ಅಪ್ಪ ಪ್ಯಾಕ್‌ಮ್ಯಾನ್ ಪಕ್ಷ, ಮಗ ಫೈಟರ್ ಪಕ್ಷ. ಅಪ್ಪ ಹಗಲು ತಿರುಗಿಸಿಟ್ಟದ್ದನ್ನು ಮಗ ರಾತ್ರಿ ತಿರುಗಿಸಿ, ಕೊನೆಗೆ ಸ್ಕ್ರೂವಿನ ತಲೆಯೇ ಸವೆದುಹೋಯಿತು. ಇಬ್ಬರೂ ಬೇರೆಬೇರೆಯಾಗಿ ಫೋನ್ ಮಾಡಿ ಇನ್ನೊಬ್ಬರ ಮೇಲೆ ದೂರು ಹೇಳಿದರು. ನಾನು ಎರಡು ಕೋಲು ಮಾರಿದೆ.

ಆದರೆ ಹೆಗಡೇರ ಮನೆಯ ಪೆಟ್ಟಿಗೆಯ ಮುಂದೆ ಇದೆಲ್ಲ ಏನೂ ಅಲ್ಲ. ಆರ್ಡರ್ ಮಾಡಿದ್ದು ಬೆಂಗಳೂರಿನಲ್ಲಿರುವ ಮಗ, ಅಳತೆ ಹೇಳಿದ್ದೂ ಅವನೇ, ಅದೂ ನೆನಪಿನಿಂದ. ತಲೆ ಬಗ್ಗಿಸದೆ ಒಳಗೆ ಹೋಗಲಾಗದ ಹಳೇ ಬಾಗಿಲು. ಪೆಟ್ಟಿಗೆ ಬಗ್ಗುವ ಜಾತಿಯಲ್ಲ. "ದಾರಂದ ಕೀಳಲಾ?" ಎಂದ ನಮ್ಮ ಹುಡುಗನನ್ನು ಹೆಗಡೇರು ನೋಡಿದ ನೋಟಕ್ಕೆ ಅವನು ಸೀದಾ ಹೋಗಿ ಟೆಂಪೋದಲ್ಲಿ ಕೂತ. ಪೆಟ್ಟಿಗೆ ಜಗುಲಿಯಲ್ಲೇ ಉಳಿಯಿತು. ಬಂದವರೆಲ್ಲ ಕವಳ ಹಾಕುತ್ತ ಒಂದು ಕೈ ಆಡತೊಡಗಿದರು. ಬಿಳಿ ಗುಂಡಿಯ ಸುತ್ತ ಸುಣ್ಣ, ಸುಣ್ಣದ ಮೇಲೆ ಕೆಂಪು ಬೆರಳಚ್ಚು. ಒಮ್ಮೆ ಗುಂಡಿ ಒತ್ತಿದ್ದು ಮೇಲೇಳುವುದಿಲ್ಲ ಎಂದು ಕಳಚಿದರೆ ಅಂಚಿನಲ್ಲಿ ಅಡಿಕೆ ಚೂರು ಕಚ್ಚಿಕೊಂಡಿತ್ತು.

ಮಳೆ ಬೇಗ ಹಿಡಿದ ವರ್ಷ ಆ ಮನೆಯ ಅಜ್ಜಿಯ ಫೋನು. "ತಮಾ, ನಿನ್ನ ಹಳದಿ ಉಂಡೆಗೆ ವಯಸ್ಸಾತು ಕಾಣ್ತು. ನಡೆಯದೇ ಇಲ್ಲೆ."

ಹೋಗಿ ನೋಡಿದೆ. ಗಾಳಿ ಹೊರಬರಲೆಂದು ಪೆಟ್ಟಿಗೆಯ ನೆತ್ತಿಗೆ ಕೊರೆದಿದ್ದ ಸೀಳುಗಳ ಮೇಲೆ ಹಳೇ ಪಂಚೆ. ಪಂಚೆಯ ತುಂಬ ಹಲಸಿನ ಹಪ್ಪಳ, ಒಂದಕ್ಕೊಂದು ತಾಗದಂತೆ ಹಾಸಿದ್ದು. ರಾಸ್ಪ್‌ಬೆರಿ ಪೈ 80 ಡಿಗ್ರಿ ಮುಟ್ಟಿದರೆ ಸುಟ್ಟುಕೊಳ್ಳಬಾರದೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಪಾಪ, ಪ್ಯಾಕ್‌ಮ್ಯಾನ್ ಜೊತೆಗೆ ಭೂತಗಳೂ ತೆವಳುತ್ತಿದ್ದವು. ಅಜ್ಜಿಯ ದೃಷ್ಟಿಯಲ್ಲಿ ಯಂತ್ರ ಸರಿಯಾಗಿಯೇ ಇತ್ತು. ಬೆಳಗಿನಿಂದ ಯಾರೂ ಆಡದಿದ್ದರೂ ಅದನ್ನು ಹಚ್ಚಿಟ್ಟಿದ್ದೇ ಹಪ್ಪಳಕ್ಕಾಗಿ. ಒಂದು ಹಪ್ಪಳ ಮುರಿದು ತೋರಿಸಿದರು. ಲಟಕ್ಕೆಂದಿತು. ಆ ಮಳೆಯಲ್ಲಿ ಅಷ್ಟು ಗರಿಗರಿ ಹಪ್ಪಳ ಊರಲ್ಲಿ ಯಾರ ಮನೆಯಲ್ಲೂ ಇರಲಿಲ್ಲ ಎಂಬುದನ್ನು ನಾನೂ ಒಪ್ಪಬೇಕಾಯಿತು.

ಪಂಚೆ ತೆಗೆಸಿ, ಫ್ಯಾನ್ ಒರೆಸಿ, ಹೊರಡುವಾಗ ಪಕ್ಕದ ಮನೆಯ ಅಮ್ಮ ಬೇಲಿಯಾಚೆಯಿಂದ ಕರೆದರು.

"ಯಂಗೂ ಒಂದು ಬೇಕಾಗಿತ್ತು. ಟೀವಿ ಬ್ಯಾಡ, ಗುಂಡಿ ಬ್ಯಾಡ. ಆ ಬಿಸಿಗಾಳಿ ಒಂದೇ ಸಾಕು. ಎಷ್ಟಾಗ್ತು?"