ಕ್ವಾರ್ಟರ್‌ಗೆ ಏರಿಕೆ, ಸ್ಕಾಚ್‌ಗೆ ಇಳಿಕೆ

2025ರ ಮಾರ್ಚ್‌ನಲ್ಲಿ ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪ ವಿಧಾನಸಭೆಯಲ್ಲಿ ಒಂದು ಬೇಡಿಕೆ ಇಟ್ಟರು. ಹೆಂಗಸರಿಗೆ ತಿಂಗಳಿಗೆ 2,000 ರೂಪಾಯಿ, ಬಸ್ಸು ಎಲ್ಲ ಫ್ರೀ ಕೊಡುತ್ತೀರಲ್ಲ, ಗಂಡಸರಿಗೂ ವಾರಕ್ಕೆ ಎರಡು ಬಾಟಲಿ ಮದ್ಯ ಫ್ರೀ ಕೊಡಿ ಅಂತ. ಅದಕ್ಕೆ ಎಷ್ಟು ಮೀಮ್ ಬಂದವೋ ಲೆಕ್ಕವಿಲ್ಲ. ಬೇಡಿಕೆ ತಮಾಷೆಯದ್ದೇ. ಆದರೆ ಗ್ಯಾರಂಟಿಗಳಿಗೆ ದುಡ್ಡು ಎಲ್ಲಿಂದ ಬರುತ್ತಿದೆ ಅನ್ನೋ ವಿಷಯ ತಮಾಷೆಯದ್ದಲ್ಲ.

2024-25ಕ್ಕೆ ರಾಜ್ಯ ಸರ್ಕಾರ ಇಟ್ಟುಕೊಂಡ ಅಬಕಾರಿ ಗುರಿ 38,525 ಕೋಟಿ. 2025-26ಕ್ಕೆ 40,000 ಕೋಟಿ. ಜನ ಕುಡಿಯೋದು ಕಡಿಮೆ ಮಾಡಲಿ ಅಂತ ತೆರಿಗೆ ಹಾಕುತ್ತೇವೆ ಅನ್ನುತ್ತಾರೆ. ಅದೇ ಸರ್ಕಾರ ಹೋದ ವರ್ಷಕ್ಕಿಂತ ಜಾಸ್ತಿ ವಸೂಲಿ ಯಾಕೆ ಆಗಿಲ್ಲ ಅಂತ ಅಬಕಾರಿ ಅಧಿಕಾರಿಗಳನ್ನು ಕೇಳುತ್ತದೆ. ಜನ ನಿಜವಾಗಲೂ ಕುಡಿಯೋದು ಬಿಟ್ಟರೆ ಮೊದಲು ಗಾಬರಿಯಾಗೋದು ವಿಧಾನಸೌಧವೇ.

ಸರ್ಕಾರದ ಕಷ್ಟವೂ ಇದೆ, ಇಲ್ಲ ಅನ್ನಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ಏರಿಸಬಹುದಾದ ತೆರಿಗೆ ಉಳಿದಿರುವುದೇ ಕೆಲವು. ಮದ್ಯ, ಪೆಟ್ರೋಲು-ಡೀಸೆಲ್, ಆಸ್ತಿ ನೋಂದಣಿ, ವಾಹನ. ಇವುಗಳಲ್ಲಿ ಏರಿಸಿದರೆ ಯಾರೂ ಬೀದಿಗೆ ಬಂದು ಕೂಗದೇ ಇರೋದು ಮದ್ಯ ಒಂದೇ. ಕುಡಿಯೋನು ಧರಣಿ ಕೂರೋಕೆ ನಾಚಿಕೊಳ್ಳುತ್ತಾನೆ, ಮನೆಯವರು ಅವನ ಪರ ಮಾತಾಡಲ್ಲ.

ನನಗೆ ತಡೆಯಲಾಗದೇ ಇರುವುದು ಬೇರೆ. 2024ರ ಆಗಸ್ಟ್‌ನಲ್ಲಿ ಮದ್ಯದ ಸ್ಲ್ಯಾಬ್‌ಗಳನ್ನು, ಅಂದರೆ ಬೆಲೆಗೆ ತಕ್ಕಂತೆ ತೆರಿಗೆ ಹಾಕುವ ಹಂತಗಳನ್ನು, 18ರಿಂದ 16ಕ್ಕೆ ಇಳಿಸಿ ದುಬಾರಿ ಬ್ರಾಂಡ್‌ಗಳ ಬೆಲೆ ಕಡಿಮೆ ಮಾಡಿದರು. ಅಕ್ಕಪಕ್ಕದ ರಾಜ್ಯಗಳ ರೇಟಿಗೆ ಸರಿಹೊಂದಿಸಬೇಕು ಅನ್ನೋದು ಕಾರಣ. ಇನ್ನೂ ಒಂದು ವರ್ಷ ತುಂಬಿರಲಿಲ್ಲ, 2025ರ ಮೇನಲ್ಲಿ ಕೆಳಗಿನ ನಾಲ್ಕು ಸ್ಲ್ಯಾಬ್‌ಗಳ ತೆರಿಗೆ ಏರಿಸಿದರು. ಅಂದರೆ ಕೂಲಿ ಮಾಡೋರು ಕುಡಿಯುವ ಅಗ್ಗದ ವಿಸ್ಕಿ, ರಮ್ಮು. ಇಂದಿರಾನಗರದ ಪಬ್‌ನಲ್ಲಿ ಸಿಂಗಲ್ ಮಾಲ್ಟ್ ಕುಡಿಯೋರ ಲಿವರ್ ಏನು ಸ್ಪೆಷಲ್ಲಾ? ಅವರಿಗೆ ಬೇರೆ ದಾರಿಯೂ ಇದೆ. ವಿದೇಶಕ್ಕೆ ಹೋದರೆ ಬರುವಾಗ ಏರ್‌ಪೋರ್ಟ್‌ನ ಡ್ಯೂಟಿ ಫ್ರೀನಲ್ಲಿ ಎರಡು ಲೀಟರ್ ತರಬಹುದು. ಗೋವಾ ಟ್ರಿಪ್ ಮುಗಿಸಿದವರ ಬ್ಯಾಗಿನಲ್ಲಿ ಏನಿರುತ್ತೆ ಅಂತ ನಾನು ಹೇಳೋದು ಬೇಡ. ಎಂಆರ್‌ಪಿ ಅಂಗಡಿ ಪಕ್ಕ ನಿಂತು, ಪ್ಲಾಸ್ಟಿಕ್ ಲೋಟಕ್ಕೆ ಟೆಟ್ರಾ ಪ್ಯಾಕ್ ಸುರಿದುಕೊಂಡು ಒಂದೇ ಗುಟುಕಿಗೆ ಎತ್ತಿ ಹೋಗುವವನಿಗೆ ಇದ್ಯಾವುದೂ ಇಲ್ಲ.

ಬೆಲೆ ಏರಿದರೆ ಅವನೇ ಬಿಡ್ತಾನೆ ಬಿಡಿ, ಅನ್ನುವವರಿದ್ದಾರೆ. ನಮ್ಮ ಬೀದಿಯಲ್ಲಿ ಮನೆ ಕಟ್ಟಲು ಬಂದಿದ್ದ ಗಾರೆ ಮೇಸ್ತ್ರಿಯೊಬ್ಬರನ್ನು ನಾನು ಕೇಳಿಯೇಬಿಟ್ಟೆ. "ಬಿಡೋದಾಗಿದ್ರೆ ಸಾರಾಯಿ ನಿಲ್ಲಿಸ್ದಾಗ್ಲೇ ಬಿಡ್ತಿದ್ದೆ ಸಾರ್" ಅಂದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಬಿಟ್ಟವರು ಕ್ವಾರ್ಟರ್ ಹಿಡಿದರು. ಖರ್ಚು ಹೆಚ್ಚಾಯಿತು, ಕುಡಿತ ಹಾಗೇ ಉಳಿಯಿತು. ದಿನಕ್ಕೊಂದು ಕ್ವಾರ್ಟರ್, 80 ರೂಪಾಯಿ ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ 2,400. ಹೆಂಡತಿ ಖಾತೆಗೆ ಗೃಹಲಕ್ಷ್ಮಿ ಬರುವುದು 2,000. ಚಟಕ್ಕೆ ಬಿದ್ದವನು ರೇಟು ಏರಿದಾಗ ಮೊದಲು ಕಡಿಮೆ ಮಾಡೋದು ಮನೆಗೆ ಕೊಡೋ ದುಡ್ಡನ್ನು.

ತಂಬಾಕಿನ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಬೇರೆ. ಅಲ್ಲಿ ತೆರಿಗೆ ಕೆಲಸ ಮಾಡುತ್ತದೆ, ಅದರಲ್ಲೂ ಇನ್ನೂ ಚಟ ಅಂಟದ ಹುಡುಗರ ಮೇಲೆ. ಕೈಯಲ್ಲಿ ದುಡ್ಡಿಲ್ಲದ ಕಾಲೇಜು ಹುಡುಗನಿಗೆ ಒಂದು ಸಿಗರೇಟಿಗೆ ಎರಡು ರೂಪಾಯಿ ಜಾಸ್ತಿ ಆದರೂ ಚುರುಕ್ ಅನ್ನುತ್ತದೆ. ಅದಕ್ಕೇ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಸಿಗರೇಟಿಗೆ ಶೇ 40 ಅಂತ ತೀರ್ಮಾನಿಸಿ, ಬೀಡಿಗೆ ಮಾತ್ರ ಶೇ 28ರಿಂದ 18ಕ್ಕೆ ಇಳಿಸಿದ್ದು ನನಗೆ ಸರಿ ಕಾಣಲಿಲ್ಲ. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು ಇದೆ, ಮಂಗಳೂರು ಕಡೆ ಎಷ್ಟು ಮನೆ ಅದರ ಮೇಲೆ ನಿಂತಿವೆ ಗೊತ್ತು. ಆದರೆ ಅವರಿಗೆ ಬೇರೆ ಕೆಲಸ ಕಲಿಸುವುದು ಬಿಟ್ಟು, ಬಡವನ ಹೊಗೆಯನ್ನು ಅಗ್ಗ ಮಾಡುವುದು ಯಾವ ಉಪಕಾರ?

ಹಾಗಾಗಿ ಕ್ವಾರ್ಟರ್ ಬೆಲೆ ಇಳಿಸಿ ಅಂತ ನಾನು ಕೇಳುತ್ತಿಲ್ಲ. ದುಬಾರಿ ಬಾಟಲಿಗೆ ಕೊಟ್ಟ ರಿಯಾಯಿತಿ ವಾಪಸ್ ತೆಗೆದುಕೊಳ್ಳಿ. ಆಮೇಲೆ, ಕುಡಿಯೋರಿಂದ ಬಂದ ದುಡ್ಡಿನಲ್ಲಿ ಒಂದು ಪಾಲು ಕುಡಿತ ಬಿಡಿಸೋಕೆ ಅಂತಲೇ ತೆಗೆದಿಡಿ. 40,000 ಕೋಟಿಯಲ್ಲಿ ಬರೀ ಶೇಕಡಾ 1 ಅಂದರೆ 400 ಕೋಟಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಳ್ಳೆಯ ಚಿಕಿತ್ಸೆ ಇದೆ, ನಿಜ. ಆದರೆ ಸಿಂಧನೂರಿನ ಹೆಂಗಸೊಬ್ಬಳು ನಡುಗುವ ಗಂಡನನ್ನು ರಾತ್ರಿ ಬಸ್ಸಿಗೆ ಹತ್ತಿಸಿಕೊಂಡು ಹೊಸೂರು ರಸ್ತೆವರೆಗೆ ಬರಬೇಕಾ? ತಾಲ್ಲೂಕು ಆಸ್ಪತ್ರೆಯಲ್ಲೇ ನಾಲ್ಕು ಹಾಸಿಗೆ, ಒಬ್ಬ ಕೌನ್ಸೆಲರ್, ಪುಕ್ಕಟೆ ಮಾತ್ರೆ ಇಡಿ.

ನಾನೂ ಶನಿವಾರ ಬಿಯರ್ ಕುಡಿಯುವವನೇ. ಅದರ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರಲ್ಲಿ ಶೇ 175ರಿಂದ 185 ಆಯಿತು, 2025ರ ಜನವರಿಯಲ್ಲಿ 195. ಆಗೆಲ್ಲ ಚೆನ್ನಾಗಿ ಬೈದುಕೊಂಡಿದ್ದೇನೆ. ಆ 400 ಕೋಟಿ ಎಲ್ಲಿ ಹೋಯಿತು ಅಂತ ಬಜೆಟ್ ಪುಸ್ತಕದಲ್ಲಿ ಒಂದು ಸಾಲು ಬರೆದು ತೋರಿಸಲಿ, ಇನ್ನೂ ಹತ್ತು ರೂಪಾಯಿ ಏರಿಸಿದರೂ ಕೊಡುತ್ತೇನೆ.