ಸತ್ಯಾಂಶ: ಪಿಕಾಸೊಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ವಾ?

‘ಪಿಕಾಸೊಗೆ ನೆಟ್ಟಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ, ಅದಕ್ಕೇ ಸೊಟ್ಟ ಮುಖ ಬರೆದು ಆಧುನಿಕ ಕಲೆ ಅಂದರು’ ಎಂಬ ಮೆಸೇಜ್ ಹರಿದಾಡುತ್ತಿರುತ್ತದೆ. ಇದು ಸುಳ್ಳು.

ಬಾರ್ಸಿಲೋನಾದ ಪಿಕಾಸೊ ಮ್ಯೂಸಿಯಂನಲ್ಲಿರುವ ‘ವಿಜ್ಞಾನ ಮತ್ತು ದಾನ’ ಚಿತ್ರ ನೋಡಿ. 1897ರಲ್ಲಿ ಅದನ್ನು ಬರೆದಾಗ ಅವರಿಗೆ ಬರೀ 15 ವರ್ಷ. ಹಾಸಿಗೆ ಹಿಡಿದ ಹೆಂಗಸು, ಅವಳ ನಾಡಿ ಹಿಡಿದು ಗಡಿಯಾರ ನೋಡುತ್ತಿರುವ ಡಾಕ್ಟರು, ಮಗುವನ್ನು ಎತ್ತಿಕೊಂಡು ಬಟ್ಟಲು ಚಾಚಿದ ಸನ್ಯಾಸಿನಿ. ಎಷ್ಟು ಪಳಗಿದ ಕೈ ಅಲ್ವಾ! ಡಾಕ್ಟರಿಗೆ ಮಾಡೆಲ್ ಆಗಿದ್ದು ಚಿತ್ರಕಲೆಯ ಮೇಷ್ಟ್ರಾಗಿದ್ದ ಅಪ್ಪನೇ.

ಮುಖಗಳನ್ನು ಮುರಿದು ಕಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ, 1907ರ ‘ಅವಿನ್ಯೋನ್‌ನ ಯುವತಿಯರು’ ಚಿತ್ರದಲ್ಲಿ. ಅದೂ ಸುಮ್ನೆ ಗೀಚಿದ್ದಲ್ಲ. ಅದಕ್ಕಾಗಿ ನೂರಾರು ಕರಡು ಬರೆದರು. ಫ್ರೆಂಚ್ ಚಿತ್ರಕಾರ ಸೆಜಾನ್ ಅವರ ಚಿತ್ರಗಳನ್ನೂ ಸ್ಪೇನಿನ ಪುರಾತನ ಐಬೀರಿಯನ್ ಶಿಲ್ಪಗಳನ್ನೂ ಗಮನವಿಟ್ಟು ನೋಡಿದ್ದರು. ಆಮೇಲೆ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಬ್ರಾಕ್ ಜೊತೆ ಸೇರಿ ಕ್ಯೂಬಿಸಂ, ಅಂದರೆ ಆಕಾರಗಳನ್ನು ಒಡೆದು ಹಲವು ಕೋನಗಳಿಂದ ಒಟ್ಟಿಗೆ ತೋರಿಸುವ ಶೈಲಿ, ಬೆಳೆಸಿದರು.