ರಸ್ತೆ ಅಡಿಯ ಪೈಪೂ ನಮ್ಮದೇ ಅಂತೆ, ಯಾರೂ ಹೇಳಲೇ ಇಲ್ಲ

ನಾಲ್ಕು ದಿನ ಆಯ್ತು, ಅಮ್ಮನ ಕೋಣೆಯಿಂದ ಆ ನಾತ ಇನ್ನೂ ಹೋಗಿಲ್ಲ. ಎಷ್ಟು ತೊಳೆದರೂ ಅಷ್ಟೇ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ತಲೆ ಸಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಮಹಡಿಯಲ್ಲಿ ವಾಷಿಂಗ್ ಮೆಷಿನ್ ನೀರು ಬಿಟ್ಟಿತು. ಅದೇ ಹೊತ್ತಿಗೆ ಕೆಳಗಿನ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಉಕ್ಕಿ ಬಂತು. ಕಮೋಡಿನಲ್ಲಿ ಹೋಗಿದ್ದೆಲ್ಲ ವಾಪಸ್. ಹೊಸ್ತಿಲು ದಾಟಿ ಅಮ್ಮನ ಕೋಣೆಗೆ ನುಗ್ಗಿತು. ಮಂಡಿನೋವಿನ ಅಮ್ಮ ಕಾಲು ಮೇಲೆತ್ತಿಕೊಂಡು ಮಂಚದಲ್ಲಿ ಕೂತು ನನ್ನನ್ನು ಕೂಗುತ್ತಿದ್ದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಒಳಚರಂಡಿ ಕಚೇರಿಗೆ ಫೋನ್ ಮಾಡಿದೆ. ಬಂದವರು ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆದು ತೋರಿಸಿದರು. ಒಳಗೆ ನೀರು ಸರಾಗವಾಗಿ ಹರಿಯುತ್ತಿತ್ತು. "ಮೇನ್ ಲೈನ್ ಸರಿಯಾಗಿದೆ ಸಾರ್, ಕಟ್ಟಿಕೊಂಡಿರೋದು ನಿಮ್ಮ ಪೈಪು" ಎಂದರು. ನಮ್ಮ ಪೈಪು ಅಂದರೆ ಎಲ್ಲಿವರೆಗೆ ಎಂದು ಕೇಳಿದೆ. "ಮೇನ್‌ಗೆ ಸೇರೋ ಜಾಗದವರೆಗೂ ನಿಮ್ಮದೇ." ಕಾಂಪೌಂಡ್ ಆಚೆ, ರಸ್ತೆ ಅಡಿ ಇರುವುದೂ ನನ್ನದೇ! ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ಅವರು ಇದ್ದದ್ದನ್ನೇ ಹೇಳಿದರು. ಈ ನಿಯಮ ಊರಿಂದ ಊರಿಗೆ ಬೇರೆ. ಕೆಲವು ಕಡೆ ಮಾಲೀಕರ ಹೊಣೆ ಕಾಂಪೌಂಡಿಗೇ ಮುಗಿಯುತ್ತದೆ, ಎಷ್ಟೋ ಕಡೆ ಮೇನ್ ಲೈನಿನವರೆಗೂ ಇರುತ್ತದೆ. ಆದರೆ ಮನೆ ಕೊಳ್ಳುವಾಗ ಇದನ್ನು ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ ಅಲ್ವಾ? ಗೋಡೆ ತೋರಿಸುತ್ತಾರೆ, ನೆಲ ತೋರಿಸುತ್ತಾರೆ. ನೆಲದಡಿಯ ಪೈಪಿನ ಮಾತೇ ಇಲ್ಲ.

ಪ್ಲಂಬರ್ ಬಂದು ಚೇಂಬರ್, ಅಂದರೆ ಪೈಪು ತೆರೆದು ನೋಡುವ ಮುಚ್ಚಳದ ಗುಂಡಿ, ಎಲ್ಲಿದೆ ಅಂದರು. ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಸಿಕ್ಕಿದ್ದು ಅಂಗಳದ ಟೈಲ್ಸ್ ಕೆಳಗೆ. ನಮಗೆ ಮನೆ ಮಾರಿದವರು ಅದರ ಮೇಲೆಯೇ ಟೈಲ್ಸ್ ಹಾಕಿಸಿಬಿಟ್ಟಿದ್ದರು. ಒಡೆದು ಮುಚ್ಚಳ ಎತ್ತಿದರೆ ಅಂಚಿನವರೆಗೂ ಹೊಲಸು. ಅದನ್ನು ಖಾಲಿ ಮಾಡಿದ ಮೇಲೆ ಒಳಗೋಡೆಯಲ್ಲಿ ಹಳೆಯ ಗೆರೆಗಳು ಕಂಡವು, ಒಂದಲ್ಲ, ಮೂರು. ಗಟ್ಟಿಯಾಗಿ ಒಣಗಿ ಕೂತಿದ್ದವು. ಅಂದರೆ ಹಿಂದೆಯೂ ಇಲ್ಲಿ ನೀರು ತುಂಬಿ ನಿಂತಿತ್ತು.

ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಹಳೇ ಮಣ್ಣಿನ ಪೈಪು. ಜಾಯಿಂಟ್ ಬಿಟ್ಟ ಕಡೆ ಮರದ ಬೇರು ಒಳಗೆ ಬಂದಿದೆ. ಬೇರಿಗೆ ಬೇಕಾದದ್ದು ತೇವ, ಕೂದಲೆಳೆಯಷ್ಟು ಸಂದಿ ಸಿಕ್ಕರೂ ಸಾಕು. ಆ ಬೇರಿಗೆ ವೆಟ್ ವೈಪ್ಸ್ ಸಿಕ್ಕಿಕೊಂಡಿದ್ದವು. ಅದರ ಮೇಲೆ ಅಡುಗೆಮನೆಯ ಜಿಡ್ಡು ಹೆಪ್ಪುಗಟ್ಟಿತ್ತು.

ಆ ವೈಪ್ಸ್ ತಂದಿದ್ದು ನಾವೇ. ಅಮ್ಮನಿಗೆ ಅನುಕೂಲ ಅಂತ ತಂದೆವು. ಪ್ಯಾಕೆಟ್ ಮೇಲೆ ಫ್ಲಷ್ ಮಾಡಬಹುದು ಎಂದು ದೊಡ್ಡದಾಗಿ ಬರೆದಿತ್ತು, ನಂಬಿದೆವು. ಟಾಯ್ಲೆಟ್ ಪೇಪರ್ ನೀರಲ್ಲಿ ಬೇಗ ಬಿಡಿಬಿಡಿಯಾಗುತ್ತದೆ. ಪೈಪಿಂದ ಹೊರಬಂದ ಈ ವೈಪ್ಸ್ ಬಟ್ಟೆಯ ಹಾಗೆ ಇಡಿಯಾಗಿಯೇ ಇದ್ದವು, ಎಳೆದರೂ ಹರಿಯಲಿಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಒಳಚರಂಡಿಯೊಳಗೆ 250 ಮೀಟರ್ ಉದ್ದದ ಗಡ್ಡೆ ಸಿಕ್ಕಿತ್ತು. ತೂಕ ಸುಮಾರು 130 ಟನ್. ಅದೂ ಇದೇ ಜಿಡ್ಡು, ಇದೇ ವೈಪ್ಸ್. ಇಷ್ಟಾದ ಮೇಲೂ ಪ್ಯಾಕೆಟ್ ಮೇಲೆ ಹಾಗೆ ಅಚ್ಚು ಹಾಕಿ ಮಾರುತ್ತಾರೆ ಅಂದರೆ ಏನನ್ನಬೇಕು?

ಪೈಪು ಮೊದಲೇ ಸೂಚನೆ ಕೊಟ್ಟಿತ್ತು, ಇದು ನನ್ನನ್ನು ಜಾಸ್ತಿ ಕೊರೆಯುತ್ತಿದೆ. ಎರಡು ತಿಂಗಳಿಂದ ಮೆಷಿನ್ ನೀರು ಬಿಟ್ಟಾಗಲೆಲ್ಲ ಕೆಳಗಿನ ಕಮೋಡ್ ಗುಳುಗುಳು ಅನ್ನುತ್ತಿತ್ತು. ಬಚ್ಚಲಿನ ನೀರು ನಿಧಾನಕ್ಕೆ ಇಳಿಯುತ್ತಿತ್ತು. ನಿಮ್ಮ ಮನೆಯಲ್ಲೂ ಒಂದು ಕಡೆ ನೀರು ಬಿಟ್ಟರೆ ಇನ್ನೊಂದು ಕಡೆ ಸದ್ದು ಬರುತ್ತಿದ್ದರೆ ಸುಮ್ನೆ ಇರಬೇಡಿ. ದೊಡ್ಡ ಪೈಪೇ ಕಟ್ಟುತ್ತಿರಬಹುದು. ಡ್ರೈನ್ ಕ್ಲೀನರ್ ಸುರಿದರೆ ಆ ಬೇರು ಹೋಗುವುದಿಲ್ಲ. ಚೇಂಬರ್ ಎಲ್ಲಿದೆ ಎಂದು ಇವತ್ತೇ ಹುಡುಕಿಟ್ಟುಕೊಳ್ಳಿ. ಆದರೆ ಒಳಗೆ ಇಳಿಯಬೇಡಿ, ಇಳಿಸಲೂ ಬೇಡಿ. ಆ ಗಾಳಿ ಜೀವ ತೆಗೆಯುತ್ತದೆ.

ನಾನ್-ರಿಟರ್ನ್ ವಾಲ್ವ್ ಹಾಕಿಸಿ ಎಂದು ಸಿಕ್ಕವರೆಲ್ಲ ಹೇಳುತ್ತಿದ್ದಾರೆ. ಹಾಕಿಸುತ್ತೇನೆ. ಆದರೆ ಅದು ತಡೆಯುವುದು ಮೇನ್ ಲೈನ್ ತುಂಬಿ ವಾಪಸ್ ನುಗ್ಗುವ ನೀರನ್ನು. ನಮ್ಮದೇ ಪೈಪು ಕಟ್ಟಿಕೊಂಡಾಗ ನಮ್ಮದೇ ನೀರು ಹೋಗಲು ಜಾಗವಿಲ್ಲದೆ ಜಾಲರಿಯಿಂದ ಬಂದೇ ಬರುತ್ತದೆ. ವಾಲ್ವ್ ಮುಚ್ಚಿಕೊಂಡಿರುವಾಗ ಮನೆಯಲ್ಲಿ ನಲ್ಲಿ ಬಿಟ್ಟರೂ ಅದೇ ಗತಿ. ಅದನ್ನೂ ಆಗಾಗ ತೆಗೆದು ತೊಳೆಯಬೇಕು. ಇದನ್ನೆಲ್ಲ ವಾಲ್ವ್ ಮಾರುವವರು ಹೇಳಲಿಲ್ಲ, ಪ್ಲಂಬರ್ ಹೇಳಿದರು.

ಈಗ ಬೇರು ಕತ್ತರಿಸಿದ್ದಾರೆ. ಮತ್ತೆ ಬೆಳೆಯುತ್ತದಂತೆ. ಪೈಪನ್ನೇ ಬದಲಿಸಬೇಕು, ರಸ್ತೆ ಅಗೆಯಲು ಅನುಮತಿ ಪಡೆಯಬೇಕು, ಅಗೆದದ್ದನ್ನು ಸರಿಮಾಡಿಸಬೇಕು. ಖರ್ಚೆಲ್ಲ ನಮ್ಮದೇ.

ನಿನ್ನೆ ಮನೆ ಮಾರಿದವರಿಗೆ ಫೋನ್ ಮಾಡಿದೆ. ಚೇಂಬರ್ ಮೇಲೆ ಟೈಲ್ಸ್ ಯಾಕೆ ಹಾಕಿಸಿದಿರಿ ಎಂದು ಕೇಳಿದೆ. "ನೋಡೋಕೆ ಚೆನ್ನಾಗಿರಲಿಲ್ಲ" ಎಂದರು. ಒಳಗಿನ ಆ ಮೂರು ಗೆರೆಗಳ ಬಗ್ಗೆ ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟರು.